ಅಲ್ಲೇನಿಟ್ಟಿದ್ದೀರಿ?

ಪರದೇಶದ ಗಿಜಿಗುಡುವ ನಗರವೊಂದರಲ್ಲಿ ಹತ್ತು ವರ್ಷ ಬಾಳಿ ಬಂದವರು ಮತ್ತೆ ಅಲ್ಲಿಗೇ ಹೊರಟರೆ, ಹೊಳೆನರಸೀಪುರದಲ್ಲಾಗಲಿ ಅರಕಲಗೂಡಿನಲ್ಲಾಗಲಿ ಒಂದು ಪ್ರಶ್ನೆ ತಪ್ಪಿದ್ದಲ್ಲ: ‘ಅಲ್ಲೇನಿಟ್ಟಿದ್ದೀರಿ?’ ಮನೆಯಿಲ್ಲ, ಹೊಲವಿಲ್ಲ, ನೆಂಟರಿಲ್ಲ. ಹಾಗಾದರೆ ಇದು ಬರೀ ಚಪಲ ಎಂಬ ತೀರ್ಪು ಪ್ರಶ್ನೆಯೊಳಗೇ ಕೂತಿದೆ. ಆ ತೀರ್ಪು ತಪ್ಪು. ಅಚ್ಚುಕಟ್ಟಾದ ನಗರ ಮೊದಲ ದಿನವೇ ಯಾರಿಗಾದರೂ ಒದಗುತ್ತದೆ, ಫಲಕ ಓದಲು ಬಂದರೆ ಸಾಕು. ಗೊಂದಲದ ನಗರವನ್ನು ಮೈಯೇ ಕಲಿಯಬೇಕು: ಯಾವ ಬಸ್ಸು ನಿಲ್ಲುವುದಿಲ್ಲ, ಯಾವ ಅಂಗಡಿಯಲ್ಲಿ ಚೌಕಾಸಿ ನಡೆಯುತ್ತದೆ, ರಸ್ತೆ ದಾಟಲು ಯಾರ ಬೆನ್ನ ಹಿಂದೆ ನಿಲ್ಲಬೇಕು. ಅದು ಗೇಯ್ಮೆ. ಉಳುವವನೇ ಹೊಲದೊಡೆಯ ಎಂದು ಒಪ್ಪಿದ ನಾಡು ನಮ್ಮದು. ಬಾಡಿಗೆ ಕೋಣೆಯಲ್ಲಿದ್ದುಕೊಂಡು ಒಂದು ನಗರವನ್ನು ಗೇಯ್ದವರಿಗೆ ಅಲ್ಲಿ ಹಕ್ಕಿಲ್ಲವೆಂದರೆ ಹೇಗೆ?

ಹಾಸನದಲ್ಲಿ 1908ರಲ್ಲಿ ಹುಟ್ಟಿದ ಇಂಗ್ಲಿಷ್ ಕಾದಂಬರಿಕಾರ ರಾಜಾರಾವ್ 1929ರಲ್ಲಿ ಫ್ರಾನ್ಸಿಗೆ ಹೋದರು. ನಮ್ಮ ಸೀಮೆಯ ಹಳ್ಳಿಯೊಂದರ ಕಥೆಯನ್ನು ಮುದುಕಿಯೊಬ್ಬಳ ಬಾಯಲ್ಲಿ ಹೇಳಿಸಿದ ‘ಕಾಂತಾಪುರ’ 1938ರಲ್ಲಿ ಅಚ್ಚಾಯಿತು. ಅದನ್ನು ಬರೆದದ್ದು ಫ್ರಾನ್ಸಿನಲ್ಲಿ ಕೂತು. ಮರುವರ್ಷ ಭಾರತಕ್ಕೆ ಬಂದರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಮತ್ತೆ ಫ್ರಾನ್ಸಿಗೇ ಹೋದರು, ಯುದ್ಧದ ಏಟು ತಿಂದು ಇನ್ನೂ ಸುಧಾರಿಸಿಕೊಳ್ಳುತ್ತಿದ್ದ ನಾಡಿಗೆ. ಅಲ್ಲೇನಿಟ್ಟಿದ್ದರು? 1960ರಲ್ಲಿ ಬಂದ ‘ದಿ ಸರ್ಪೆಂಟ್ ಅಂಡ್ ದಿ ರೋಪ್’ ಅದಕ್ಕೆ ಉತ್ತರ. ಅದರ ಬಹುಪಾಲು ನಡೆಯುವುದು ಫ್ರಾನ್ಸಿನ ನೆಲದಲ್ಲೇ. ದೂರದಲ್ಲಿದ್ದು ಹಳ್ಳಿಯನ್ನು ಕಂಡವರು, ಮರಳಿ ಹೋಗಿ ಆ ದೂರವನ್ನೇ ಕಂಡರು.

ನೀವು ಕಲಿತ ನಗರ ಈಗ ಅಲ್ಲಿಲ್ಲವಲ್ಲ ಎಂದು ಆಕ್ಷೇಪಿಸಬಹುದು. ಬೆಳೆ ಬದಲಾದರೂ ಮಣ್ಣಿನ ಗುಣ ಗೇಯ್ದವನಿಗೆ ಗೊತ್ತಿರುತ್ತದೆ. ಇದು ಹುಟ್ಟೂರಿಗೆ ಮಾಡುವ ಅನ್ಯಾಯವಲ್ಲವೇ ಎಂಬ ಇನ್ನೊಂದು ಮಾತು ಹೆಚ್ಚು ತೂಕದ್ದು. ಅದನ್ನು ಎದುರಿಸಬೇಕಾದರೆ ಗೊರೂರಿನ ಹಿನ್ನೀರಿನ ದಂಡೆಗೆ ಹೋಗಬೇಕು. ಹೇಮಾವತಿಗೆ ಕಟ್ಟೆ ಕಟ್ಟಿದಾಗ ಹಳ್ಳಿಗಳು ಮುಳುಗಿದವು. ಮನೆ, ಹೊಲ, ನೆಂಟರು ಎಲ್ಲವೂ ಇದ್ದ ಊರುಗಳವು. ಶೆಟ್ಟಿಹಳ್ಳಿಯಲ್ಲಿ ಮಾತ್ರ 19ನೇ ಶತಮಾನದ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಇಗರ್ಜಿಯ ಗೋಡೆಗಳು, ಮಾಡು ಕಳಚಿ, ಇನ್ನೂ ನಿಂತಿವೆ. ಎಲ್ಲಿಂದಲೋ ಬಂದು ಈ ಮಣ್ಣನ್ನು ತಮ್ಮದೆಂದುಕೊಂಡವರ ಗೋಡೆ ಬೇಸಿಗೆಗೊಮ್ಮೆ ಮೇಲೇಳುತ್ತದೆ, ಇಲ್ಲೇ ಹುಟ್ಟಿದವರ ಜಗಲಿ ಏಳುವುದಿಲ್ಲ. ಹುಟ್ಟೂರಿನ ಹಕ್ಕೊಂದೇ ಹಕ್ಕು ಎನ್ನುವವರು ಆ ದಂಡೆಯಲ್ಲಿ ನಿಂತು, ಊರು ಕಳೆದುಕೊಂಡವರ ಮುಂದೆ, ಅದೇ ಪ್ರಶ್ನೆಯನ್ನು ಕೇಳಿ ನೋಡಲಿ. ಮಳೆಗಾಲ ಬಂದರೆ ಗೋಡೆಗೂ ನೀರು.