ಹಾಲ್‌ಸ್ಟಾಟ್‌ನ ಅಸ್ಥಿಗೃಹ

ಆಸ್ಟ್ರಿಯಾದ ಹಾಲ್‌ಸ್ಟಾಟ್, ಆಲ್ಪ್ಸ್ ಬೆಟ್ಟಕ್ಕೂ ಸರೋವರಕ್ಕೂ ನಡುವೆ ಸಿಕ್ಕಿಕೊಂಡಿರುವ ಪುಟ್ಟ ಊರು. ರೈಲು ನಿಲ್ಲುವುದು ಎದುರು ದಡದಲ್ಲಿ. ದೋಣಿಯಲ್ಲಿ ದಾಟಿ ಬರಬೇಕು. ಎರಡು ವರ್ಷಗಳ ಹಿಂದೆ, ವಿಯೆನ್ನಾದಲ್ಲಿರುವ ಮಗಳು ನನ್ನನ್ನು ಅಲ್ಲಿಗೆ ಕರೆದೊಯ್ದಳು. ಪ್ರಾಚೀನವಾದ ಉಪ್ಪಿನ ಗಣಿಯನ್ನು ನೋಡುವ ಉತ್ಸಾಹ ಅವಳದು. ನನ್ನ ಮೊಣಕಾಲುಗಳಿಗೆ ಇಗರ್ಜಿಯ ಮೆಟ್ಟಿಲುಗಳೇ ಸಾಕಾದವು.

ಇಗರ್ಜಿಯೊಳಗಿನ ಮರದ ಬಲಿಪೀಠ 16ನೆಯ ಶತಮಾನದ ಆರಂಭದ್ದು, ಶಿಲ್ಪಿ ಲಿಯೊನ್‌ಹಾರ್ಡ್ ಆಸ್ಟಲ್‌ನ ಕೃತಿ. ನಡುವೆ ಮೇರಿ, ಅಕ್ಕಪಕ್ಕದಲ್ಲಿ ಗಣಿಯವರನ್ನು ಕಾಯುವ ಸಂತ ಬಾರ್ಬರಾ, ಮರ ಕಡಿಯುವವರನ್ನು ಕಾಯುವ ಸಂತ ಕ್ಯಾಥರೀನ್. ದುಡಿಯುವವರ ದೇವಾಲಯವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಪಕ್ಕದಲ್ಲಿರುವುದು 12ನೆಯ ಶತಮಾನದ ಸಂತ ಮೈಕೇಲನ ಪ್ರಾರ್ಥನಾಗೃಹ. ಅದರ ಕೆಳಕೋಣೆಯಲ್ಲಿ ಸುಮಾರು 1,200 ತಲೆಬುರುಡೆಗಳಿವೆ. ಊರಿನಲ್ಲಿ ಹೂಳಲು ಜಾಗವಿಲ್ಲದ್ದರಿಂದ ಕೆಲವು ವರ್ಷಗಳಾದ ಮೇಲೆ ಗೋರಿಯನ್ನು ತೆರೆದು, ಬುರುಡೆಯನ್ನು ಬಿಸಿಲಿನಲ್ಲಿ ಬಿಳಿಚಿಸಿ, ಇಲ್ಲಿಡುತ್ತಿದ್ದರು. ಆರುನೂರಕ್ಕೂ ಹೆಚ್ಚಿನವುಗಳ ಹಣೆಯ ಮೇಲೆ ಹೆಸರಿದೆ, ಗುಲಾಬಿಯ ಅಥವಾ ಎಲೆಗಳ ಮಾಲೆಯಿದೆ. ಒಂದೇ ಮನೆತನದವರು ಒಟ್ಟಿಗೆ ಸಾಲಾಗಿದ್ದಾರೆ. ಭಯವಾಗಲಿಲ್ಲ. ತರಗತಿಯ ಹಾಜರಿ ಪುಸ್ತಕ ನೆನಪಾಯಿತು.

ನನ್ನ ಪತ್ನಿಯ ಅಸ್ಥಿಯನ್ನು ಪಶ್ಚಿಮವಾಹಿನಿಯಲ್ಲಿ ಬಿಟ್ಟವನು ನಾನು. ಬಿಡುವುದೇ ಸರಿಯೆಂದು ಇಂದಿಗೂ ನಂಬಿದ್ದೇನೆ. ಆದರೂ ಅವಳ ತಿಥಿಯ ಸಂಜೆ ಎಲ್ಲಿಗೆ ಹೋಗಿ ನಿಲ್ಲಬೇಕೆಂದು ತೋಚದೆ ಬೀದಿ ಸುತ್ತಿದ್ದುಂಟು. ಇಲ್ಲಿನ ಕೊನೆಯ ಬುರುಡೆ 1983ರಲ್ಲಿ ತೀರಿಕೊಂಡ ಒಬ್ಬ ಹೆಂಗಸಿನದು. ಆಕೆಯ ಇಚ್ಛೆಯಂತೆ 1995ರಲ್ಲಿ ಇಟ್ಟದ್ದಂತೆ. ಬಾಯಲ್ಲಿ ಚಿನ್ನದ ಹಲ್ಲು ಹಾಗೆಯೇ ಇದೆ. ಅದರೆದುರು ಬಹಳ ಹೊತ್ತು ನಿಂತೆ. ಮಗಳು ಕರೆಯಲಿಲ್ಲ.

ಸತ್ತವರಿಗೆ ಇಷ್ಟು ಅಕ್ಕರೆಯಿಂದ ಎಡೆ ಮಾಡಿಕೊಟ್ಟ ಈ ನೆಲದಲ್ಲಿ ಬದುಕಿದ್ದ ಕೆಲವರಿಗೆ ಎಡೆಯಿರಲಿಲ್ಲ. 1734ರಲ್ಲಿ ಚಕ್ರವರ್ತಿ ಆರನೆಯ ಚಾರ್ಲ್ಸನ ಆಳ್ವಿಕೆ, ಪ್ರೊಟೆಸ್ಟೆಂಟ್ ಮತವನ್ನು ಬಿಡಲೊಪ್ಪದ ಸಂಸಾರಗಳನ್ನು ಈ ಉಪ್ಪಿನ ಸೀಮೆಯಿಂದ ದೂರದ ಟ್ರಾನ್ಸಿಲ್ವೇನಿಯಾಕ್ಕೆ ಗಡೀಪಾರು ಮಾಡಿತು. 1781ರಲ್ಲಿ ಎರಡನೆಯ ಜೋಸೆಫ್ ಅವರ ಮತಕ್ಕೆ ಸಮ್ಮತಿಯನ್ನೇನೋ ಕೊಟ್ಟ. ಆದರೆ ಪ್ರಾರ್ಥನಾಮಂದಿರಕ್ಕೆ ಗೋಪುರವಿರಕೂಡದು, ಗಂಟೆಯೂ ಕೂಡದು! ಆ ಕಟ್ಟುಗಳೆಲ್ಲ ಕಳಚಿದ್ದು 1861ರಲ್ಲಿ. ಎರಡೇ ವರ್ಷಗಳಲ್ಲಿ ಹಾಲ್‌ಸ್ಟಾಟ್‌ನ ಪ್ರೊಟೆಸ್ಟೆಂಟರು ನೀರಿನಂಚಿನಲ್ಲೇ ಇಗರ್ಜಿ ಕಟ್ಟಿ, ಚೂಪಾದ ಗೋಪುರವನ್ನೆಬ್ಬಿಸಿದರು. ಈ ಊರಿನ ಚಿತ್ರಗಳಲ್ಲೆಲ್ಲ ಮೊದಲು ಕಣ್ಣಿಗೆ ಬೀಳುವುದು ಅದೇ.

ಮಗಳು ನನ್ನನ್ನು ಅದರ ಮುಂದೆಯೇ ನಿಲ್ಲಿಸಿ ಫೋಟೋ ತೆಗೆದಳು.