ಮನೆ ಮಾಡುವುದೆಲ್ಲಿ?

ಟೋಲ್ಕಿನ್ನರ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ 1954-55ರಲ್ಲಿ ಅಚ್ಚಾದ ಮೂರು ಸಂಪುಟಗಳ ಕಥೆ. ಅದನ್ನು ಓದಿ ಮುಗಿಸಿದ ರಾತ್ರಿ ನಮ್ಮ ಮನೆಯಲ್ಲೊಂದು ವಾದವೆದ್ದಿತು: ಆ ಲೋಕದಲ್ಲಿ ಮನೆ ಮಾಡುವುದಾದರೆ ಯಾವ ಊರಿನಲ್ಲಿ?

ಮಗಳು ಲೋತ್ಲೋರಿಯನ್ ಎಂದಳು. ಹೊನ್ನೆಲೆಯ ಮರಗಳು, ಮರದ ಮೇಲೆಯೇ ವಾಸ. ಒಪ್ಪತಕ್ಕದ್ದೇ, ಆದರೆ ಮುಪ್ಪೇ ಇಲ್ಲದವರ ನಡುವೆ ನಾವು ಮಾತ್ರ ಮುದುಕರಾಗುವುದೇ? ನಮ್ಮಾಕೆ ರಿವೆಂಡೆಲ್ ಎಂದಳು. ಹಾಡು, ಕಥೆ, ಊಟ ಎಲ್ಲವೂ ಉಂಟು. ಆದರೆ ಅದು ಅತಿಥಿಗಳ ಊರು. ನಾವು ಶೈರ್ ಎಂದೆವು. ಗುಡ್ಡದೊಳಗೆ ಮನೆ, ದುಂಡನೆಯ ಬಾಗಿಲು, ಸಿಕ್ಕರೆ ದಿನಕ್ಕೆ ಆರು ಊಟ! ಟೋಲ್ಕಿನ್ನರು 1896ರಿಂದ 1900ರವರೆಗೆ ಬಾಲ್ಯ ಕಳೆದ ಸೇರ್‌ಹೋಲ್ ಹಳ್ಳಿಯ ನೆನಪೇ ಅದಕ್ಕೆ ಮೂಲ. ಆ ಹಳ್ಳಿ ಈಗ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಸೇರಿಹೋಗಿದೆ.

“ಅಪ್ಪಾ, ಶೈರನ್ನು ಉಳಿಸಿದ ಫ್ರೋಡೋನೇ ಅಲ್ಲಿರಲಾರದೆ ಹಡಗು ಹತ್ತಿದನಲ್ಲ?” ಎಂದಳು ಮಗಳು.

ನಮ್ಮ ಬಾಯಿ ಕಟ್ಟಿತು. ಮೂವತ್ತು ವರ್ಷ ಮುಂಬಯಿಯಲ್ಲಿ ಕಳೆದ ನಾವು ಹುಟ್ಟೂರಿಗೆ ಹೋದರೆ ನೆರೆಯವರು ಮೊದಲು ಕೇಳುವುದು, “ಯಾವಾಗ ಹೊರಡುತ್ತೀರಿ?” ಎಂದು. ರಿವೆಂಡೆಲ್ಲನ್ನು ಹಳಿದ ನಾವು ನಮ್ಮೂರಿನಲ್ಲೇ ಅತಿಥಿಗಳು.

ಆದರೂ ಶೈರನ್ನು ನಾವು ಬಿಟ್ಟುಕೊಡಲಿಲ್ಲ. ಅಲ್ಲಿ ತೋಟಗಾರ ಸ್ಯಾಮ್ ಇದ್ದಾನೆ. ವೈರಿಗಳು ಮರ ಕಡಿದ ಕಡೆಯಲ್ಲೆಲ್ಲ ಅವನು ಸಸಿ ನೆಟ್ಟ. ಊರು ಅವನಿಗೆ ದಕ್ಕಿತು. ನೆಟ್ಟವರಿಗೇ ಊರು ಎಂದಾದರೆ, ನಮ್ಮ ಮೂರನೆಯ ಮಹಡಿಯ ಕುಂಡದ ಕರಿಬೇವೂ ಲೆಕ್ಕಕ್ಕೆ ಬರಬೇಕು.