ಮನೆಮಾತು ಕಸಿದುಕೊಂಡ ನನ್ನ ಬುದ್ಧಿಮಾತು

ಸುಳ್ಯದ ಸುತ್ತಮುತ್ತ ರಬ್ಬರ್ ತೋಟಗಳ ನಡುವೆ ತಮಿಳು ಮಾತನಾಡುವ ಅನೇಕ ಕುಟುಂಬಗಳಿವೆ. 1964ರ ಶಾಸ್ತ್ರಿ-ಸಿರಿಮಾವೊ ಒಪ್ಪಂದದ ಬಳಿಕ ಶ್ರೀಲಂಕಾದಿಂದ ಮರಳಿದವರಿಗೆ ಇಲ್ಲಿನ ಸರಕಾರಿ ತೋಟಗಳಲ್ಲಿ ಕೆಲಸವೂ ವಸತಿಯೂ ದೊರೆತವು. ಹಲವು ವರ್ಷಗಳ ಹಿಂದೆ ಅಂತಹ ಒಂದು ಮನೆಯ ಮಗು ನನಗೆ ಕಲಿಸಿದ ಪಾಠವನ್ನು ನಿಮ್ಮೊಡನೆ ಹಂಚಿಕೊಳ್ಳುತ್ತಿದ್ದೇನೆ.

ಆ ಬಾಲಕನಿಗೆ ಆಗ ನಾಲ್ಕು ವರ್ಷ. ನಾನು ಸಂಚಾಲಕನಾಗಿದ್ದ ಶಾಲೆಯ ಶಿಶುವಿಹಾರಕ್ಕೆ ಸೇರಿ ಮೂರು ತಿಂಗಳಾದರೂ ಬಾಯಿ ತೆರೆದಿರಲಿಲ್ಲ. ಮಗು ಮಂದಬುದ್ಧಿಯದೆಂದು ನಾವು ತೀರ್ಮಾನಿಸಿಬಿಟ್ಟೆವು. ತಾಯಿಯನ್ನು ಕರೆಸಿ, "ಮನೆಯಲ್ಲಿ ತಮಿಳು ಬಿಡಿ, ಕನ್ನಡದಲ್ಲೇ ಮಾತನಾಡಿ" ಎಂದು ಬುದ್ಧಿ ಹೇಳಿದೆ. ಆಕೆ ತಲೆಯಾಡಿಸಿ ಹೊರಟುಹೋದರು.

ಕ್ರಿಸ್ತಜಯಂತಿಗೆ ಮುನ್ನ ಮನೆಗಳ ಭೇಟಿಗೆ ಹೋದಾಗ ಅವರ ಮನೆಗೂ ಹೋದೆ. ಮೂಲೆಯಲ್ಲಿ ಹುಡುಗ ಸುಮ್ಮನೆ ಕುಳಿತಿದ್ದ. ಅಜ್ಜಿಯೂ ಮೌನ. ತಾಯಿ ಅಳುಕುತ್ತಲೇ ಹೇಳಿದರು: "ಫಾದರ್, ನೀವು ಹೇಳಿದ ಹಾಗೆ ತಮಿಳು ಬಿಟ್ಟೆವು. ಬೆಳಕು ಹರಿಯುವ ಮೊದಲೇ ನಾನು ಟ್ಯಾಪಿಂಗಿಗೆ ಹೋಗಬೇಕು. ಬಂದ ಮೇಲೆ ಇವನಿಗೆ 'ಬಾ, ತಿನ್ನು, ಮಲಗು' ಎನ್ನುತ್ತೇನೆ. ಕಥೆ ಹೇಳುವಷ್ಟು ಕನ್ನಡ ನನಗೆ ಬರುವುದಿಲ್ಲ."

ಆ ಮಾತು ನನ್ನನ್ನು ಇರಿಯಿತು. ಶಾಲೆಯಲ್ಲಿ ಮೊದಲೇ ಮೂಕನಾಗಿದ್ದ ಮಗುವನ್ನು ನಾನು ಮನೆಯಲ್ಲಿಯೂ ಮೂಕನನ್ನಾಗಿ ಮಾಡಿದ್ದೆ.

ತಮಿಳಿನಲ್ಲೇ ಒಂದು ಕಥೆ ಹೇಳುವಂತೆ ಅಜ್ಜಿಯನ್ನು ಕೇಳಿಕೊಂಡೆ. ಸ್ವಲ್ಪ ಹೊತ್ತಿನಲ್ಲೇ ಹುಡುಗ ಅಜ್ಜಿಯ ತೊಡೆಯೇರಿದ. ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿದ. ಬಳಿಕ ಅಂಗಳದ ರಬ್ಬರ್ ಬೀಜಗಳನ್ನು ಆಯ್ದು ತಂದು ಇಪ್ಪತ್ತರವರೆಗೆ ತಮಿಳಿನಲ್ಲಿ ಎಣಿಸಿ ತೋರಿಸಿದ. ಮಂದಬುದ್ಧಿ ಯಾರದೆಂದು ನನಗೆ ಅರಿವಾಯಿತು.

ಮರುದಿನವೇ ಅಧ್ಯಾಪಕಿಯೊಡನೆ ಮಾತನಾಡಿದೆ. ನೀರು, ಹಸಿವು, ನೋವು ಮುಂತಾದ ಕೆಲವು ತಮಿಳು ಪದಗಳನ್ನು ಅವರು ಕಲಿತರು. ವರ್ಷದ ಕೊನೆಗೆ ಹುಡುಗ ಅಜ್ಜಿಯ ಕಥೆಯನ್ನು ಅರ್ಧ ತಮಿಳು, ಅರ್ಧ ಕನ್ನಡದಲ್ಲಿ ತರಗತಿಗೆ ಹೇಳಿದ.

ತಂದೆತಾಯಿಗಳೇ ಮಕ್ಕಳ ಮೊದಲ ಹಾಗೂ ಪ್ರಮುಖ ಶಿಕ್ಷಕರೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲೇ ಸಾರಿತು. ಎಳೆಯ ಮಕ್ಕಳಿಗೆ ಸಾಧ್ಯವಾದಲ್ಲೆಲ್ಲ ಮನೆಮಾತಿನಲ್ಲೇ ಕಲಿಸಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಹೇಳುತ್ತದೆ. ಮನೆಮಾತು ಗಟ್ಟಿಯಾದ ಮಗುವಿಗೆ ಇನ್ನೊಂದು ಭಾಷೆ ಭಾರವಲ್ಲ. ಮೊದಲಿನ ಅಡಿಪಾಯದ ಮೇಲೆಯೇ ಎರಡನೆಯದು ನಿಲ್ಲುತ್ತದೆ. ಯೇಸುಸ್ವಾಮಿಯೂ ಬೆಳೆದದ್ದು ನಜರೇತಿನ ಮನೆಯ ಅರಮಾಯಿಕ್ ಆಡುಮಾತಿನಲ್ಲಿ.

ಇಂದು ನಮ್ಮ ಕೊಂಕಣಿ, ತುಳು, ಅರೆಭಾಷೆಯ ಮನೆಗಳಲ್ಲೂ ಇದೇ ತಪ್ಪು ನಡೆಯುತ್ತಿದೆ. ಮಗು ಹಿಂದೆ ಬೀಳಬಾರದೆಂದು ತಂದೆತಾಯಿ ತಮಗೇ ಸರಿಯಾಗಿ ಬಾರದ ಇಂಗ್ಲಿಷಿನಲ್ಲಿ ನಾಲ್ಕು ಅಪ್ಪಣೆ ಕೊಡುತ್ತಾರೆ. ಉಳಿದ ಹೊತ್ತು ಮೊಬೈಲು ಮಾತನಾಡುತ್ತದೆ.

ಪ್ರಿಯ ಹೆತ್ತವರೇ, ಇಂದು ರಾತ್ರಿ ಪ್ರಾರ್ಥನೆಯಾದ ಮೇಲೆ ಮೊಬೈಲನ್ನು ಬದಿಗಿಟ್ಟು, ನಿಮಗೆ ನಿಮ್ಮ ಅಜ್ಜಿ ಹೇಳಿದ ಕಥೆಯೊಂದನ್ನು ಅವರ ಮಾತಿನಲ್ಲೇ ಮಗುವಿಗೆ ಹೇಳಿ. ಅಧ್ಯಾಪಕರೇ, ಸುಮ್ಮನಿರುವ ಮಗುವಿನ ಬಗ್ಗೆ ತೀರ್ಪು ಕೊಡುವ ಮುನ್ನ ಒಮ್ಮೆ ಅದರ ಮನೆಗೆ ಹೋಗಿಬನ್ನಿ. ನಾನು ತಡವಾಗಿ ಹೋದೆ.